ಗೊತ್ತಿದ್ದವರಿಗೆ ಮುಂದಿನ ಸೀಟು

ಕೆಲವು ವರ್ಷಗಳ ಹಿಂದೆ ನಾನು ಕೋಲಾರದ ಒಂದು ಸುದ್ದಿ ವೆಬ್‌ಸೈಟಿನಲ್ಲಿ ಡಿಜಿಟಲ್ ವಿಭಾಗದ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಎಂದಾಕ್ಷಣ ಗಾಜಿನ ಕೋಣೆ, ಹಿಂದೆ ಮುಂದೆ ಓಡಾಡುವ ಜನ ಎಂದೆಲ್ಲ ಊಹಿಸಿಕೊಳ್ಳಬೇಡಿ. ಒಂದು ಹಳೆಯ ಕಟ್ಟಡದ ಮೇಲಂತಸ್ತು, ಬೆರಳೆಣಿಕೆಯ ವರದಿಗಾರರು, ಬೇಸಿಗೆಯಲ್ಲಿ ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚಾದ ಒಂದು ಫ್ಯಾನು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳ ಸುದ್ದಿ ನಮ್ಮದು. ಟೊಮೆಟೊ ದರ, ರೇಷ್ಮೆಗೂಡಿನ ದರ, ಕರೆಂಟು ಯಾವ ಏರಿಯಾದಲ್ಲಿ ಎಷ್ಟು ಹೊತ್ತು ಇರುವುದಿಲ್ಲ, ಇವುಗಳ ಜೊತೆಗೆ ಕ್ರೀಡೆ.

ನನ್ನ ಮುಖ್ಯ ಕೆಲಸ ಟ್ರಾಫಿಕ್ ನೋಡುವುದು. ಎಷ್ಟು ಫೋನುಗಳಲ್ಲಿ ನಮ್ಮ ಪುಟ ತೆರೆಯಿತು, ಯಾವ ಹೊತ್ತಿನಲ್ಲಿ ತೆರೆಯಿತು, ತೆರೆದವರು ಎಷ್ಟು ಹೊತ್ತು ಉಳಿದರು ಎಂಬ ಲೆಕ್ಕಕ್ಕೆ ನಮ್ಮಲ್ಲಿ ಟ್ರಾಫಿಕ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಅದೊಂದು ಗೆರೆಯಾಗಿ ಕಾಣುತ್ತದೆ. ವರ್ಷವಿಡೀ ಆ ಗೆರೆಯನ್ನೇ ನೋಡುತ್ತ ಕೂತವನಿಗೆ ಊರಿನ ಸ್ವಭಾವ ತಾನಾಗಿಯೇ ತಿಳಿಯುತ್ತದೆ. ಬೇಸಿಗೆಯ ಕ್ರಿಕೆಟ್ ಲೀಗ್ ಶುರುವಾದರೆ ಗೆರೆ ಎದ್ದು ನಿಲ್ಲುತ್ತದೆ. ಟಾಸ್ ಹೊತ್ತಿಗೆ ಒಮ್ಮೆ, ದೊಡ್ಡ ವಿಕೆಟ್ ಬಿದ್ದಾಗ ಒಮ್ಮೆ, ಕೊನೆಯ ಓವರಿಗೆ ಇನ್ನೊಮ್ಮೆ ಏರುತ್ತದೆ. ಬೆಂಗಳೂರು ತಂಡ ಗೆದ್ದರೆ ಮರುದಿನವೂ ಓದಿದ್ದನ್ನೇ ಓದುತ್ತಾರೆ. ಸೋತರೆ ನಾವೇ ಸೋಲಿಸಿದಂತೆ ನಮ್ಮ ಕಡೆಗೂ ತಲೆ ಹಾಕುವುದಿಲ್ಲ. ಮುಳಬಾಗಿಲಿನಲ್ಲಿ ಮಾತ್ರ ಯಾರು ಗೆದ್ದರೂ ಓದುಗರಿಗೆ ಬರವಿಲ್ಲ. ಅಲ್ಲಿ ಗಂಡನದು ಬೆಂಗಳೂರು ತಂಡವಾದರೆ ಆಂಧ್ರದ ಕಡೆಯಿಂದ ಬಂದ ಹೆಂಡತಿಯದು ಹೈದರಾಬಾದ್.

ಲೀಗ್ ಮುಗಿದ ಮರುವಾರ ಇದೇ ಗೆರೆ ನೆಲ ಕಚ್ಚುತ್ತದೆ. ಆ ವರ್ಷ ವೆಬ್‌ಸೈಟಿನ ಯಜಮಾನರ ಕಣ್ಣಿಗೆ ಹಿಂದಿನ ವರ್ಷಗಳ ಆ ಕುಸಿತ ಬಿತ್ತು. ಒಳ್ಳೆಯ ಮನುಷ್ಯರು, ಆದರೆ ಕೈಗೆ ಸಿಗದ್ದನ್ನು ನಂಬುವವರಲ್ಲ. ಲೀಗ್ ನಡೆಯುತ್ತಿರುವಾಗಲೇ ನನ್ನನ್ನು ಕರೆದರು.

"ನೋಡ್ರೀ ಕೃಷ್ಣಪ್ಪ, ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾಯ್ತು. ಎರಡು ತಿಂಗಳ ಆಟಕ್ಕೆ ವರ್ಷಪೂರ್ತಿ ಕ್ರೀಡಾ ವಿಭಾಗ ಯಾಕೆ? ಲೀಗ್ ಮುಗೀತಿದ್ದಂಗೆ ಮುಚ್ಚಿಬಿಡಿ."

ವಿಭಾಗ ಎಂದರೆ ಒಬ್ಬಳೇ ಒಬ್ಬಳು, ಶಾರದಾ. ಕ್ಯಾಲನೂರಿನವಳು. ಬೆಳಿಗ್ಗೆ ಮನೆಯ ಹಾಲನ್ನು ಡೈರಿಗೆ ಹಾಕಿ, ಸ್ಕೂಟರಿನಲ್ಲಿ ಆಫೀಸಿಗೆ ಬರುವವಳು. ವಿಭಾಗ ಮುಚ್ಚಿದರೆ ಅವಳಿಗೆ ಕೆಲಸವಿಲ್ಲ. ಕ್ರೀಡೆ ಬಿಟ್ಟು ಬೇರೇನನ್ನೂ ಬರೆಯಲು ಅವಳಿಗೆ ಮನಸ್ಸೂ ಇರಲಿಲ್ಲ. ಬೇರೆಯವರು ನಾಲ್ಕು ಸಾಲಿನಲ್ಲಿ ಮುಗಿಸುವ ಪಂದ್ಯವನ್ನು ಅವಳು ಮೊದಲ ಚೆಂಡಿನಿಂದ ಕಥೆ ಮಾಡಿ ಹೇಳುತ್ತಿದ್ದಳು. ಇಷ್ಟುದ್ದ ಯಾರಮ್ಮಾ ಓದ್ತಾರೆ ಎಂದು ನಾನೂ ಎಷ್ಟೋ ಸಲ ರೇಗಿಸಿದ್ದುಂಟು. "ಓದೋರು ಓದ್ತಾರೆ ಬಿಡಿ ಸರ್" ಎಂದು ಮತ್ತೆ ಟೈಪ್ ಮಾಡುತ್ತ ಕೂರುತ್ತಿದ್ದಳು.

ಯಜಮಾನರ ಮಾತನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಏನಾದರೂ ದಾರಿ ಸಿಕ್ಕೀತೇ ಎಂದು ಅವಳ ಪುಟಗಳ ಟ್ರಾಫಿಕ್ ಬಿಡಿಸಿ ನೋಡಲು ಕೂತೆ. ಆಗ ವಿಚಿತ್ರವೊಂದು ಕಂಡಿತು. ಬೆಳಗಿನ ಜಾವ, ಬೇರೆ ಪುಟಗಳೆಲ್ಲ ಮಲಗಿರುವ ಹೊತ್ತಿನಲ್ಲಿ, ಅವಳ ವರದಿಯನ್ನು ಕೆಲವೇ ಫೋನುಗಳು ತೆರೆಯುತ್ತಿದ್ದವು. ತೆರೆದ ಮೇಲೆ ಮುಚ್ಚುತ್ತಲೇ ಇರಲಿಲ್ಲ. ನಮ್ಮ ಕಸುಬಿನಲ್ಲಿ ಓದುಗ ಒಂದು ಪುಟದಲ್ಲಿ ಒಂದು ನಿಮಿಷ ಕೂತರೆ ಹಬ್ಬ. ಇವರು ಹೆಚ್ಚುಕಡಿಮೆ ಒಂದು ಗಂಟೆ ಕೂರುತ್ತಿದ್ದರು! ಮನುಷ್ಯರಲ್ಲ, ಬಾಟ್ ಇರಬೇಕು ಎಂದುಕೊಂಡೆ. ವೆಬ್‌ಸೈಟುಗಳನ್ನು ತಾವಾಗಿಯೇ ತೆರೆದು ಜಾಲಾಡುವ ಪ್ರೋಗ್ರಾಮುಗಳಿಗೆ ಬಾಟ್ ಎನ್ನುತ್ತೇವೆ. ಶಾರದಾ ನನ್ನ ಹೆಗಲ ಮೇಲಿಂದ ಬಗ್ಗಿ ಗೆರೆ ನೋಡಿದಳು.

"ಭಾನುವಾರ ಇಲ್ವಲ್ಲ ಸರ್. ಭಾನುವಾರ ರಜೆ ತಗೊಳ್ಳೋ ಮೆಶಿನ್ ಯಾವುದು?"

ಹೌದು, ಪ್ರತಿ ಭಾನುವಾರವೂ ಆ ಗೆರೆ ಮಾಯವಾಗುತ್ತಿತ್ತು. ಆ ಹುಡುಗಿಯ ಬುದ್ಧಿಗೆ ಅವತ್ತೇ ಮನಸ್ಸಿನಲ್ಲಿ ಕೈಮುಗಿದೆ.

ಉತ್ತರ ಅದೇ ವಾರ ತಾನಾಗಿ ನಡೆದು ಬಂತು. ಪುಟದ ಕೆಳಗೆ ಕೊಟ್ಟಿದ್ದ ವಾಟ್ಸಾಪ್ ನಂಬರಿಗೆ ಒಂದು ವಾಯ್ಸ್ ಮೆಸೇಜ್ ಬಂದಿತ್ತು. ಹಿಂದೆ ಬಸ್ಸಿನ ಸದ್ದು, ಮುಂದೆ ಒಬ್ಬ ಹೆಂಗಸಿನ ಗದರಿಕೆ.

"ಯಾರಪ್ಪಾ ಈ ಹೆಡ್‌ಲೈನ್ ಹಾಕೋದು? ಲಿಂಕ್ ಒತ್ತೋಕ್ ಮುಂಚೇನೇ ಯಾರು ಗೆದ್ರು ಅಂತ ಹೇಳ್ಬಿಡ್ತೀರಲ್ಲ! ಇಡೀ ಬಸ್ಸು ಕಾಯ್ಕೊಂಡು ಕೂತಿರುತ್ತೆ. ಮಜಾ ಎಲ್ಲಾ ಹಾಳ್ ಮಾಡ್ತೀರ. ಬರೆಯೋ ಅಕ್ಕಂಗೆ ಏನೂ ಅನ್ಬೇಡಿ, ಅವ್ರು ಚೆನ್ನಾಗ್ ಬರೀತಾರೆ."

ಅವಳ ಹೆಸರು ಮಂಜುಳಾ. ಶ್ರೀನಿವಾಸಪುರದ ಹತ್ತಿರದ ಹಳ್ಳಿಯವಳು, ಮನೆಯಲ್ಲಿ ಹಿಪ್ಪುನೇರಳೆ ತೋಟ. ನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೊದಲ ಶಿಫ್ಟಿನ ಕೆಲಸ. ಶಾರದಾ ಅವಳಿಗೆ ಫೋನ್ ಮಾಡಿ ಮಾತಾಡಿದ ಮೇಲೆ ಒಗಟು ಬಿಚ್ಚಿಕೊಂಡಿತು. ಮೊದಲ ಶಿಫ್ಟಿನವರು ಕೋಳಿ ಕೂಗುವ ಮುಂಚೆ ಕಂಪನಿ ಬಸ್ ಹಿಡಿಯಬೇಕು. ಹಾಗಾಗಿ ಹಿಂದಿನ ದಿನದ ಪಂದ್ಯ ಅರ್ಧ ಆಗುವಷ್ಟರಲ್ಲಿ ಮಲಗಿಬಿಡುತ್ತಾರೆ. ಕಾರ್ಖಾನೆಯ ಗೇಟಿನಲ್ಲಿ ಫೋನನ್ನು ಲಾಕರಿಗೆ ಕೊಟ್ಟು ಒಳಗೆ ಹೋಗಬೇಕು. ನಡುವೆ ಉಳಿಯುವುದು ಬಸ್ಸಿನ ಪ್ರಯಾಣ ಮಾತ್ರ. ಆ ಪ್ರಯಾಣದಲ್ಲಿ ಮಂಜುಳಾ ಶಾರದಾಳ ವರದಿಯನ್ನು ಇಡೀ ಬಸ್ಸಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದಳು. ನಮ್ಮ ಲೆಕ್ಕದಲ್ಲಿ ಒಂದು ಫೋನು, ಒಬ್ಬ ಓದುಗ. ಬಸ್ಸಿನಲ್ಲಿ ಮಾತ್ರ ಒಂದು ಸೀಟೂ ಖಾಲಿಯಿಲ್ಲ. ಇದನ್ನು ನೋಡಿ ಬೇರೆ ಮಾರ್ಗದ ಬಸ್ಸುಗಳಲ್ಲೂ ಒಬ್ಬೊಬ್ಬರು ಓದಲು ಶುರುಮಾಡಿದ್ದರು.

ಆ ಬಸ್ಸಿಗೊಂದು ಕಟ್ಟಳೆಯೂ ಇತ್ತು. ಮನೆಯಲ್ಲಿ ಯಾರೋ ಹೇಳಿಯೋ, ಟೀವಿ ನೋಡಿಯೋ ಫಲಿತಾಂಶ ಗೊತ್ತಾದವರು ಹತ್ತುತ್ತಲೇ ಡ್ರೈವರ್ ಹಿಂದಿನ ಮೊದಲ ಸೀಟಿನಲ್ಲಿ ಕೂರಬೇಕು. ಆಟ ಮುಗಿಯುವವರೆಗೆ ಹಿಂದಕ್ಕೆ ತಿರುಗುವಂತಿಲ್ಲ. ಮುಖ ನೋಡಿದರೆ ಮಿಕ್ಕವರಿಗೆ ಗೊತ್ತಾಗಿಬಿಡುತ್ತದಲ್ಲ! ಇದನ್ನು ಕೇಳಿ ನಾನು ನಕ್ಕೆ, ಆದರೆ ಶಾರದಾ ನಗಲಿಲ್ಲ.

ನಮ್ಮಲ್ಲಿ ಹೆಡ್‌ಲೈನಿನಲ್ಲೇ ಗೆದ್ದವರ ಹೆಸರು ಹಾಕುವುದು ವೇದವಾಕ್ಯ. ಹುಡುಕುವವರು ಫಲಿತಾಂಶವನ್ನೇ ಹುಡುಕುತ್ತಾರೆ, ಅದು ಮೇಲೆ ಕಂಡರೆ ಪುಟ ತೆರೆಯುತ್ತಾರೆ. ಶಾರದಾ ಅದನ್ನು ಹಾಗೇ ಬಿಟ್ಟು, ಬೆಳಗಿನವರಿಗೆಂದು ಬೇರೊಂದು ಪುಟ ಮಾಡಿದಳು. ಮೇಲೆ ತಂಡಗಳ ಹೆಸರಷ್ಟೇ, ಫಲಿತಾಂಶ ಕಟ್ಟಕಡೆಗೆ. ಅಷ್ಟಕ್ಕೇ ಬಿಡದೆ ಬರವಣಿಗೆಯನ್ನು ದಾರಿಗೆ ಹೊಂದಿಸಿದಳು. ಒಂದು ದಿನ ತಾನೇ ಆ ರಸ್ತೆಯಲ್ಲಿ ಸ್ಕೂಟರ್ ಓಡಿಸಿ, ಗಟ್ಟಿಯಾಗಿ ಓದಿದರೆ ಎಷ್ಟು ಹೊತ್ತಾಗುತ್ತದೆ ಎಂದು ನೋಡಿಕೊಂಡಳು. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಹೊಸಬರು ಹತ್ತುವಾಗ ಗದ್ದಲ ಹೆಚ್ಚು, ಅಲ್ಲಿಗೆ ಮೊದಲರ್ಧ ಮುಗಿಯಬೇಕು. ಉಳಿದದ್ದು ಗೇಟಿಗೆ ಮುಂಚೆ ಮುಗಿಯಬೇಕು, ಇಲ್ಲದಿದ್ದರೆ ಕೊನೆಯ ಓವರು ಲಾಕರಿನಲ್ಲೇ ಉಳಿದೀತು. ಒಂದು ರಸ್ತೆಯ ಉದ್ದಕ್ಕೆ ಅಳತೆ ಮಾಡಿ ಪಂದ್ಯ ಬರೆದವರನ್ನು ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇನ್ನೊಬ್ಬರನ್ನು ಕಂಡಿಲ್ಲ.

ಲೀಗ್ ಮುಗಿಯಿತು. ಎಣಿಸಿದಂತೆ ದೊಡ್ಡ ಗೆರೆ ಕೆಳಗಿಳಿಯಿತು. ಇನ್ನು ಮುಚ್ಚಿಡುವಂತಿರಲಿಲ್ಲ, ಯಜಮಾನರ ತೀರ್ಮಾನವನ್ನು ಶಾರದಾಳಿಗೆ ಹೇಳಿದೆ. ಅವಳು ಕೇಳಿದ್ದು ಕೆಲಸದ ಬಗ್ಗೆ ಅಲ್ಲ.

"ಮಂಜುಳಾ ಫೋನ್ ಮಾಡಿದ್ಲು ಸರ್. 'ಅಕ್ಕಾ, ನಾಳೆಯಿಂದ ಏನ್ ಓದೋದು?' ಅಂತಾಳೆ. ಹುತ್ತೂರಲ್ಲಿ ಈ ವಾರದಿಂದ ಕಬಡ್ಡಿ ಇದೆ. ಅದನ್ನ ಬರೀಲಾ?"

ಹಳ್ಳಿಹಳ್ಳಿಯ ತಂಡಗಳು ಲೈಟು ಹಾಕಿಕೊಂಡು ಆಡುವ ಪಂದ್ಯಾವಳಿ. ನಿಜ ಹೇಳಬೇಕೆಂದರೆ ನನಗೆ ನಂಬಿಕೆ ಇರಲಿಲ್ಲ. ಕ್ರಿಕೆಟಿಗೆ ಕಾದು ಕೂರುವವರು ಪಕ್ಕದೂರಿನ ಕಬಡ್ಡಿಗೆ ಕಾಯುತ್ತಾರೆಯೇ? ಬರೆಯಮ್ಮಾ ಎಂದೆ, ಅಷ್ಟೇ. ಅವಳು ಮಣ್ಣಿನ ಅಂಚಿನಲ್ಲಿ ಕೂತು ಪ್ರತಿ ರೈಡ್ ಬರೆದುಕೊಂಡಳು. ಯಾವ ಆಟಗಾರ ಯಾರ ಮಗ, ಯಾವನು ಬೆಳಿಗ್ಗೆ ಟೊಮೆಟೊ ಕ್ರೇಟ್ ಹೊತ್ತು ಸಂಜೆ ಅಂಕಣಕ್ಕೆ ಇಳಿದ, ಯಾವನ ತಾಯಿ ಕಣ್ಣು ಮುಚ್ಚಿಕೊಂಡೇ ಆಟ ನೋಡಿದಳು, ಎಲ್ಲವೂ ಅದರಲ್ಲಿತ್ತು. ವಾರದ ಕೊನೆಗೆ ಗೆರೆ ನೋಡಿದೆ. ವೆಬ್‌ಸೈಟಿನ ಉಳಿದ ಪುಟಗಳೆಲ್ಲ ಮಕಾಡೆ ಮಲಗಿದ್ದವು. ಬೆಳಗಿನ ಆ ಗೆರೆ ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ. ನನಗಾದ ಸಂತೋಷಕ್ಕೆ ಕುರ್ಚಿಯಿಂದ ಎದ್ದೇ ನಿಂತೆ.

ಯಜಮಾನರಿಗೆ ತೋರಿಸಿದರೆ ಮೂಗು ಮುರಿದರು. "ನಾಲ್ಕು ಫೋನಿಗೆ ಒಂದು ವಿಭಾಗ ನಡೆಸೋಕಾಗುತ್ತೇನ್ರೀ?"

"ಸರ್, ಒಂದು ಬೆಳಿಗ್ಗೆ ಆ ಬಸ್ ಹತ್ತಿ. ಆಮೇಲೆ ನೀವು ಹೇಳಿದಂಗೆ ಆಗ್ಲಿ" ಎಂದೆ.

ಬಸ್ಸಿನ ಗುತ್ತಿಗೆದಾರರು ಯಜಮಾನರ ಪರಿಚಿತರು. ಕಾರ್ಖಾನೆಯವರನ್ನು ಕೇಳಿ ಒಂದು ದಿನದ ಮಟ್ಟಿಗೆ ಒಪ್ಪಿಗೆ ಕೊಡಿಸಿದರು. ಫೈನಲ್ ನಡೆದ ಮರುದಿನವನ್ನೇ ಗೊತ್ತುಮಾಡಿದೆವು. ಹುತ್ತೂರಿನ ತಂಡಕ್ಕೂ ಶ್ರೀನಿವಾಸಪುರದ ಕಡೆಯ ತಂಡಕ್ಕೂ ಪಂದ್ಯ. ಯಜಮಾನರು ಕೋಲಾರದಲ್ಲಿ ಹತ್ತಿ ನರಸಾಪುರ ಕ್ರಾಸಿನಲ್ಲಿ ಇಳಿಯುವುದು, ಅಲ್ಲಿ ಅವರ ಕಾರು ಕಾಯುವುದು ಎಂದು ಮಾತಾಯಿತು. ಬೆಳಿಗ್ಗೆಯೇ ಬೆಂಗಳೂರಿನಲ್ಲಿ ಅವರಿಗೆ ಏನೋ ಮುಖ್ಯವಾದ ಕೆಲಸವಿತ್ತು. ಬಸ್ ಬರುವ ಮುಂಚೆ ಅವರು ಶಾರದಾಳನ್ನು ಕೇಳಿದರು, "ಯಾರಮ್ಮಾ ಗೆದ್ದಿದ್ದು?"

"ಹೇಳಿದ್ರೆ ನೀವೂ ನನ್ನ ಜೊತೆ ಮುಂದಿನ ಸೀಟಲ್ಲಿ ಕೂತ್ಕೋಬೇಕಾಗುತ್ತೆ ಸರ್" ಎಂದಳು. ಅವರು ಹುಬ್ಬೇರಿಸಿದರು.

ಬಸ್ಸಿನ ಮುಂದಿನ ಸೀಟು ಅವತ್ತು ಆಗಲೇ ತುಂಬಿತ್ತು. ಆಡಿದವರೆಲ್ಲ ಇವರ ತಮ್ಮಂದಿರು, ಮೈದುನರು. ಗೊತ್ತಿದ್ದವರು ಸೆರಗು, ದುಪ್ಪಟ್ಟಾ ಮುಖದ ಮೇಲೆ ಎಳೆದುಕೊಂಡು ರಸ್ತೆಯನ್ನೇ ನೋಡುತ್ತಿದ್ದರು. ಶಾರದಾ ಅವರ ನಡುವೆ ತೂರಿಕೊಂಡಳು. ಫಲಿತಾಂಶ ಗೊತ್ತಿಲ್ಲದ ಯಜಮಾನರೂ ನಾನೂ ಹಿಂದೆ ಹೋಗಿ ಕೂತೆವು. ಪಕ್ಕದ ಹೆಂಗಸು ಯಜಮಾನರಿಗೆ ಕೇಳದೆಯೇ ಹೇಳಿದಳು, "ಹಾಫ್ ಟೈಮ್ ಸಾರ್. ನಮ್ಮೋರು ನಾಲ್ಕು ಪಾಯಿಂಟ್ ಹಿಂದೆ ಅವ್ರೆ."

ಮಂಜುಳಾ ನಡುವೆ ಕಂಬಿ ಹಿಡಿದು ನಿಂತಳು, ಇನ್ನೊಂದು ಕೈಯಲ್ಲಿ ಫೋನು. ಓದುತ್ತಿದ್ದಳು ಎಂದರೆ ಸಾಲದು. ರೈಡರ್ ಒಳಗೆ ಹೋದಾಗ ದನಿ ತಗ್ಗಿಸುತ್ತಿದ್ದಳು, ಹಿಡಿದಾಗ ಕಂಬಿ ಬಿಟ್ಟುಬಿಡುತ್ತಿದ್ದಳು. ಕನ್ನಡದಲ್ಲಿ ಶುರುವಾದ ಸಾಲು ಆವೇಶದಲ್ಲಿ ತೆಲುಗಿಗೆ ತಿರುಗುತ್ತಿತ್ತು. "ಕಾಲು ಹಿಡಿದ್ರು... ಬಿಡಿಸ್ಕೊಂಡ... ಅಯ್ಯೋ, ಪೋಯಿಂದಿ, ಹೋಯ್ತು!" ಎಂದರೆ ಅರ್ಧ ಬಸ್ಸು ಹಣೆ ಚಚ್ಚಿಕೊಳ್ಳುತ್ತಿತ್ತು, ಅರ್ಧ ಬಸ್ಸು ಕೂಗುತ್ತಿತ್ತು. ಕೋಲಾರದಲ್ಲಿ ಹತ್ತಿದವರು ಹುತ್ತೂರಿನ ಕಡೆ, ಶ್ರೀನಿವಾಸಪುರದಿಂದ ಬಂದವರು ತಮ್ಮೂರ ತಂಡದ ಕಡೆ. ಯಜಮಾನರು ಮೊದಮೊದಲು ಎಷ್ಟು ಫೋನುಗಳಿವೆ ಎಂದು ಅತ್ತಿತ್ತ ನೋಡುತ್ತಿದ್ದರು. ಆಮೇಲೆ ತಮ್ಮ ಎದುರಿನ ಸೀಟಿನ ಕಂಬಿ ಹಿಡಿದು ಬಗ್ಗಿದರು. ಆಮೇಲೆ "ಆ ಕಡೆ ಡಿಫೆಂಡರ್ ಯಾರು?" ಎಂದು ಪಕ್ಕದವಳನ್ನು ಕೇಳಿದರು. ನಾನು ಕಿಟಕಿಯ ಕಡೆ ತಿರುಗಿ ನಗು ನುಂಗಿಕೊಂಡೆ.

ಅವತ್ತು ರಸ್ತೆಯಲ್ಲಿ ಲಾರಿಗಳು ಕಡಿಮೆ, ಬಸ್ಸು ಬೇಗ ಬಂತು. ನರಸಾಪುರ ಕ್ರಾಸ್ ಕಾಣಿಸಿದಾಗ ಎರಡೂ ತಂಡಗಳು ಸಮಸಮ, ಉಳಿದದ್ದು ಒಂದೇ ರೈಡ್. ಡ್ರೈವರ್ ಬ್ರೇಕ್ ಹಾಕಿ ಹಿಂದಕ್ಕೆ ಕೂಗಿದ, "ಸಾರ್, ಕ್ರಾಸ್ ಬಂತು. ನಿಮ್ಮ ಕಾರು ನಿಂತೈತೆ."

ಮಂಜುಳಾ ಓದುವುದನ್ನು ನಿಲ್ಲಿಸಿದಳು. ಇಡೀ ಬಸ್ಸು ಯಜಮಾನರನ್ನು ನೋಡಿತು. ಮುಂದಿನ ಸೀಟಿನಲ್ಲಿ ಶಾರದಾಳ ಬೆನ್ನು ನೆಟ್ಟಗಾದದ್ದು ನನಗೆ ಕಾಣಿಸಿತು. ಕಟ್ಟಳೆಯಂತೆ ಅವಳು ತಿರುಗಲಿಲ್ಲ. ಅವಳ ಕೆಲಸ ಉಳಿಯುವುದೋ ಹೋಗುವುದೋ ಎಂಬುದನ್ನು ಬೆನ್ನಿನಿಂದಲೇ ಕೇಳಿಸಿಕೊಳ್ಳಬೇಕಿತ್ತು.

ಈ ವೃತ್ತಿ ನನಗೆ ಕಲಿಸಿದ್ದನ್ನು ಹೊಸಬರು ಕೇಳಿದಾಗಲೆಲ್ಲ ಇದನ್ನೇ ಹೇಳುತ್ತೇನೆ. ಸೀಸನ್‌ನಲ್ಲಿ ಯಾರು ಬಂದರು ಎಂದು ಎಣಿಸಿ, ತಪ್ಪಿಲ್ಲ. ಸೀಸನ್ ಮುಗಿದ ಮೇಲೆ ಯಾರು ಉಳಿದಿದ್ದಾರೆ ನೋಡಿ, ಅವರು ಎಲ್ಲಿ ಕೂತು, ಯಾರ ಜೊತೆ ಓದುತ್ತಾರೆ ಎಂದು ಕೇಳಿ. ಗೆರೆ ಅದನ್ನು ಹೇಳುವುದಿಲ್ಲ. ಅವರ ಪಕ್ಕದಲ್ಲಿ ಹೋಗಿ ಕೂರಬೇಕು.

ಅವತ್ತು ಯಜಮಾನರು ಏಳಲಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ ತಮ್ಮ ಕಾರಿನವನಿಗೆ ಹಿಂದೆ ಬಾ ಎಂದು ಸನ್ನೆ ಮಾಡಿದರು.

"ನಡಿಯಪ್ಪಾ ಡ್ರೈವರ್, ಗೇಟಿನವರೆಗೂ ನಡಿ. ಓದಮ್ಮ ನೀನು, ಬೇಗ ಓದು."