ಬೇವಿನ ಅಣು, ಕುರಿಯ ಹೊಟ್ಟೆಹುಳ

ಜಮಖಂಡಿಯಲ್ಲಿ ಫಾರ್ಮಸಿ ಕಲಿಸುತ್ತಲೇ ನಾನು ಔಷಧ ವಿನ್ಯಾಸ ಕಲಿಯಲು ಕುಳಿತೆ. ತರಗತಿ ಆನ್‌ಲೈನಿನಲ್ಲಿ. ರೋಗ ತರುವ ಜೀವಿಯ ಪ್ರೋಟೀನಿನಲ್ಲಿ ಒಂದು ಗುಳಿ ಇರುತ್ತದೆ. ಅದರೊಳಗೆ ಹೊಂದಿ ಕೂರುವ ಅಣು ಸಿಕ್ಕರೆ ಪ್ರೋಟೀನಿನ ಕೆಲಸ ನಿಲ್ಲಬಹುದು. ಹಾಗೆ ಕಂಪ್ಯೂಟರಿನಲ್ಲಿ ಕೂರಿಸಿ ನೋಡುವುದೇ ಡಾಕಿಂಗ್. ಎಷ್ಟು ಗಟ್ಟಿಯಾಗಿ ಕೂತಿತು ಎನ್ನುವುದಕ್ಕೆ ಒಂದು ಅಂಕ ಬರುತ್ತದೆ.

ಅಭ್ಯಾಸಕ್ಕೆ ಕುರಿಯ ಹೊಟ್ಟೆಹುಳದ ಪ್ರೋಟೀನು ಆರಿಸಿಕೊಂಡೆ. ನಮ್ಮದು ಕುರಿ ಕಾಯುವ ಮನೆತನ. ಗಲಗಲಿಯಲ್ಲಿ ಸೋದರಮಾವ ಈಗಲೂ ಹಿಂಡು ಇಟ್ಟಿದ್ದಾನೆ. ಹುಳಕ್ಕೆ ಬೇವಿನ ಸೊಪ್ಪು ಅರೆದು ಕುಡಿಸುತ್ತಾನೆ. ಬೇವಿನ ಒಂದು ಅಣುವನ್ನು ಕೂರಿಸಿದೆ. ಅಂಗಡಿಯಲ್ಲಿ ಸಿಗುವ ಹುಳದ ಔಷಧಿಗಿಂತ ಒಳ್ಳೆಯ ಅಂಕ ಬಂತು. ಮಾವನಿಗೆ ಫೋನ್ ಮಾಡಿ ಹೇಳಿದೆ.

ಮರುದಿನ ಆನ್‌ಲೈನ್ ತರಗತಿಯಲ್ಲಿ ನಮಗೆ ಕಲಿಸುವ ಮೇಡಂ ಕೇಳಿದರು: "ಬೇವಿನ ಅಣು ಬಹಳ ದೊಡ್ಡದು. ದೊಡ್ಡ ಅಣುವಿಗೆ ಸುಮ್ಮನೆ ಅಂಕ ಏರುತ್ತೆ. ಗೊತ್ತಿರೋ ಔಷಧಿ ತನ್ನ ಜಾಗದಲ್ಲೇ ಕೂತಿತಾ, ನೋಡಿದ್ರಾ?"

ನೋಡಿರಲಿಲ್ಲ. ನೋಡಿದರೆ ಆ ಔಷಧಿ ಗುಳಿಯ ಹೊರಗೆ ಅಂಟಿಕೊಂಡಿತ್ತು. ಅಣುವನ್ನು ಎಲ್ಲಿ ಕೂರಿಸಬೇಕೆಂದು ನಾನು ಕಂಪ್ಯೂಟರಿಗೆ ಗುರುತು ಹಾಕಿಕೊಟ್ಟ ಜಾಗವೇ ತಪ್ಪಿತ್ತು.

ಭಾನುವಾರ ಗಲಗಲಿಗೆ ಹೋದಾಗ ಮಾವನ ಅಂಗಳದಲ್ಲಿ ಜನ ಸೇರಿದ್ದರು. ಪಕ್ಕದ ಮನೆಯ ಮುದುಕಿ ಒಂದು ಕುರಿ ಹಿಡಿದುಕೊಂಡು ಬಂದಿದ್ದಳು. ಅದರ ದವಡೆಯ ಕೆಳಗೆ ಬಾವು, ಕಣ್ಣಿನ ಒಳರೆಪ್ಪೆ ಬಿಳಿಚಿತ್ತು; ಹೊಟ್ಟೆಹುಳ ರಕ್ತ ಹೀರಿದ ಗುರುತು.

"ಯವ್ವಾ, ಔಷಧ ಕಂಡಹಿಡದೀ ಅಂತಲ್ಲ. ಇದಕ್ಕೊಂದಿಷ್ಟು ಕೊಡು," ಅಂದಳು.

"ಕಂಡಹಿಡದಿಲ್ಲ, ಆಯೀ. ನನ್ನ ಲೆಕ್ಕ ತಪ್ಪೇತಿ."

ಮಾವ ಮುಖ ಸಣ್ಣದು ಮಾಡಿದ. "ಅಂದ್ರ ಬೇವು ನಡಿಯಂಗಿಲ್ಲೇನು?"

"ಅದೂ ನನಗ ಗೊತ್ತಿಲ್ಲ, ಮಾವಾ. ಕಂಪ್ಯೂಟರಿನ್ಯಾಗ ಛಲೋ ಕುಂತ್ರೂ ಅದು ಔಷಧ ಆಗಂಗಿಲ್ಲ. ಹುಳದ ಮ್ಯಾಲ ಹಾಕಿ ನೋಡಬೇಕು, ಆಮ್ಯಾಲ ಕುರಿಗಿ. ವರ್ಷಗಟ್ಟಲೆ ಹಿಡಿತೈತಿ."

"ಅಷ್ಟರಾಗ ಇದು ಸಾಯ್ತೈತಿ," ಅಂದಳು ಮುದುಕಿ. ಸಿಟ್ಟಿರಲಿಲ್ಲ.

ಕುರಿಯನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಮೂವರೂ ಬೀಳಗಿಯ ದನದ ದವಾಖಾನೆಗೆ ಹೋದೆವು. ಡಾಕ್ಟರು ಸೂಜಿ ಮಾಡಿ, ಹುಳದ ಔಷಧಿ ಕುಡಿಸಿದರು. ದಾರಿಯುದ್ದಕ್ಕೂ ಮಾವ ಕುರಿಯನ್ನು ತನ್ನ ತೊಡೆಗೆ ಒರಗಿಸಿ ಹಿಡಿದು ಕೂತಿದ್ದ. ನಾನು ಔಷಧ ಕಂಡುಹಿಡಿದೆನೆಂದು ಊರಲ್ಲೆಲ್ಲ ಹೇಳಿಕೊಂಡು ಬಂದವನು ಅವನೇ.

ಜಮಖಂಡಿಗೆ ಮರಳಿ, ಗುರುತಿನ ಜಾಗ ಸರಿಪಡಿಸಿ ಮತ್ತೆ ಡಾಕಿಂಗ್ ಮಾಡಿದೆ. ಗೊತ್ತಿದ್ದ ಔಷಧಿ ಈ ಸಲ ತನ್ನ ಗುಳಿಯಲ್ಲಿ ಕೂತಿತು. ಬೇವಿನ ಅಣು ಒಳಗೆ ಹಿಡಿಸಲೇ ಇಲ್ಲ. "ಈಗ ಕಲಿಯೋಕೆ ಶುರು ಮಾಡಿದ್ರಿ," ಅಂದರು ಮೇಡಂ.

ಕೆಲವು ವಾರಗಳ ಮೇಲೆ ಮಾವನೇ ಫೋನ್ ಮಾಡಿದ. ಅಂಕದ ಮಾತು ಕೇಳಲಿಲ್ಲ. ಮುದುಕಿಯ ಕುರಿ ಮೇಯಾಕತ್ತೈತಿ ಅಂದ.