ಪರಪ್ಪ ಮಾವನ ಕಣ್ಣು

ನಮ್ಮ ಸೋದರಮಾವ ಪರಪ್ಪನಿಗೆ ಇಂಡಿಯಲ್ಲಿ ನಿಂಬೆಯ ತೋಟವಿತ್ತು. ಮಂದಿಯ ಕಣ್ಣು ತಾಗದಿರಲೆಂದು ಗಿಡಗಿಡಕ್ಕೂ ಹಳೆಯ ಚಪ್ಪಲಿ ಕಟ್ಟುತ್ತಿದ್ದ. ಪಕ್ಕದ ಹೊಲದವರು ಬೇಲಿಯಾಚೆ ನಿಂತರೂ ಸಾಕು, "ಏನ್ ನೋಡಾಕತ್ತೀರಿ?" ಎಂದು ಮೈಮೇಲೆ ಹೋಗುತ್ತಿದ್ದ.

ಎಪ್ಪತ್ನಾಲ್ಕರಲ್ಲಿ ನಾನು ಧಾರವಾಡದಲ್ಲಿ ಓದುತ್ತಿದ್ದಾಗ ನನ್ನನ್ನು ರಜೆಗೆ ಕರೆದೊಯ್ಯಲು ಬಂದ. ವಿಶ್ವವಿದ್ಯಾಲಯದ ಸಸ್ಯೋದ್ಯಾನ ತೋರಿಸಿದೆ. ದೇಶವಿದೇಶದ ಗಿಡಗಳನ್ನೆಲ್ಲ ಬಿಟ್ಟು ಅವನು ಒಂದು ನಿಂಬೆಗಿಡದ ಮುಂದೆ ನಿಂತುಬಿಟ್ಟ. ಕಾಯಿಯ ಭಾರಕ್ಕೆ ಅದರ ಕೊಂಬೆಗಳು ನೆಲ ಮುಟ್ಟಿದ್ದವು. ಮಾವನ ಮುಖ ಕಪ್ಪಿಟ್ಟಿತು.

"ಇದರ ಮಾಲಕ ಯಾರು?"

"ಯಾರೂ ಇಲ್ಲ ಮಾಮಾ, ಯುನಿವರ್ಸಿಟಿದು."

"ಮಾಲಕ ಇಲ್ಲದ ಗಿಡಕ್ಕ ಇಷ್ಟ ಕಾಯಿ! ನಾ ಜೀವಾ ತೇದ್ರೂ ನಂದು ಹಿಂಗ ಹಿಡಿಯಾಂಗಿಲ್ಲ!"

ಹಲ್ಲು ಕಡಿಯುತ್ತ ಹೊರಟವನು ಥಟ್ಟನೆ ತಿರುಗಿ ಬಂದ. ಕಾಲಿನ ಒಂದು ಚಪ್ಪಲಿ ಕಳಚಿದ, ಹೆಗಲ ಟವೆಲಿನ ಅಂಚು ಹರಿದು ಅದರಿಂದ ಚಪ್ಪಲಿಯನ್ನು ಕೊಂಬೆಗೆ ಕಟ್ಟಿದ. ನನಗೆ ನಾಚಿಕೆಯಿಂದ ಸಾಯುವಂತಾಯಿತು.

"ನನ್ನ ಕಣ್ಣ ಬಿತ್ತಲೇ ತಮ್ಮಾ. ಪಾಪ, ಒಣಗಿ ಹೋದೀತು."

ಇಂಡಿಯ ತೋಟ ಮುಟ್ಟಿದಾಗ ಹೊನ್ನವ್ವತ್ತೆ ಅವನ ಒಂದು ಬರಿಗಾಲು ನೋಡಿ ಕೇಳಿದಳು: "ಇನ್ನೊಂದ ಚಪ್ಪಲಿ ಎಲ್ಲೈತ್ರಿ?"

ನಾನು ನಡೆದದ್ದು ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಹಂಗಾದ್ರ ಉಳಿದದ್ದು ನಮ್ಮ ಗಿಡಕ್ಕ ಕಟ್ರಿ."

ಮಾವ ತನ್ನ ಗಿಡಗಳ ಕಡೆ ನೋಡಿದ. ಕಾಲಲ್ಲಿ ಉಳಿದಿದ್ದ ಚಪ್ಪಲಿ ಕಳಚಿ ಬೇಲಿಯಾಚೆ ಬೀಸಿ ಒಗೆದ.

"ನಮ್ಮ ಗಿಡದ ಮ್ಯಾಲೆ ಯಾರ ಕಣ್ಣ ಬೀಳತೈತಿ?"