ನನ್ನ ತೋಳಿನ ಎರಡನೆಯ ಎಲುಬು

ನನ್ನ ಎಡತೋಳಿನಲ್ಲಿ, ಮೊಣಕೈಯಿಂದ ಮೇಲೆ, ಎರಡು ಎಲುಬುಗಳಿವೆ. ಇರಬೇಕಾದದ್ದು ಒಂದು. ಇದನ್ನು ನಾನು ಹೇಳುತ್ತಿಲ್ಲ, ಕಿನ್ನಾಳದ ಗೊಂಬೆ ಮಾಡುವ ಈರಪ್ಪ ಕಟ್ಟಿಗೆಯಲ್ಲಿ ಕೆತ್ತಿ, ಬಣ್ಣ ಹಚ್ಚಿ, ಊರಿಗೆಲ್ಲ ತೋರಿಸಿದ್ದಾನೆ.

ಆದದ್ದಿಷ್ಟು. ಎರಡು ತಿಂಗಳ ಹಿಂದೆ ಯಲಬುರ್ಗಾ ರಸ್ತೆಯಲ್ಲಿ ಒಂದು ಎಮ್ಮೆಗೆ ದಾರಿ ಬಿಡಲು ಹೋಗಿ ಸೈಕಲ್ ಸಮೇತ ಬಿದ್ದೆ. (ಎಮ್ಮೆ ಹಿಂದಿರುಗಿ ಕೂಡ ನೋಡಲಿಲ್ಲ.) ಮೊಣಕೈಯ ಮೇಲೆ ಎಲುಬು ಬಿರುಕು ಬಿಟ್ಟಿತು. ನಮ್ಮ ಕೊಪ್ಪಳದಲ್ಲಿ ಎಕ್ಸ್‌ರೇ ಎಲ್ಲಿಯದು? ರೈಲು ಹತ್ತಿ ಬಳ್ಳಾರಿಗೆ ಹೋದೆ.

ಅಲ್ಲಿಯ ಕಂಪೌಂಡರ್, "ಮೈಮೇಲೆ ಲೋಹದ್ದೇನಾದರೂ ಇದ್ದರೆ ತೆಗೀರಿ" ಎಂದ. ಏನೂ ಇಲ್ಲವೆಂದೆ. ಅಂಗಿಯ ತೋಳನ್ನು ಮಾತ್ರ ಪೂರ್ತಿ ಮೇಲೇರಿಸಲಿಲ್ಲ.

ಫಿಲ್ಮ್ ಕೈಗೆ ಬಂದಾಗ ನಾನು ನೋಡಿದ್ದು ಬಿರುಕನ್ನಷ್ಟೇ. ನಮ್ಮ ಸಾಲೆಯ ಹೆಡ್‌ಮಾಸ್ತರು ನೋಡಿದ್ದು ಬೇರೆ. ಸೈನ್ಸ್ ಕ್ಲಾಸಿಗೆ ಅಸ್ಥಿಪಂಜರದ ಮಾಡೆಲ್ ಬೇಕೆಂದು ಅವರಿಗೆ ಬಹಳ ದಿನದ ಆಸೆ. ಹೈದರಾಬಾದಿನಿಂದ ತರಿಸುವ ಶಕ್ತಿ ಸಾಲೆಗಿಲ್ಲ. ಕಿನ್ನಾಳ ಇಲ್ಲೇ ಇದೆಯಲ್ಲ? ಈರಪ್ಪನನ್ನು ಕರೆಸಿದರು. ಮೊದಲು ತೋಳು, ಚೆನ್ನಾಗಿ ಬಂದರೆ ಇಡೀ ಅಸ್ಥಿಪಂಜರ. ಮಹಾಯುದ್ಧದ ಈ ದಿನಗಳಲ್ಲಿ ಗೊಂಬೆ ಯಾರು ಕೊಳ್ಳುತ್ತಾರೆ? ಈರಪ್ಪನಿಗೆ ಅದು ವರ್ಷದ ಅನ್ನ.

ಸೈನ್ಸ್ ಮಾಸ್ತರನಾದ ನಾನು ಅವನಿಗೆ ಗತ್ತಿನಿಂದ ಹೇಳಿದೆ: "ಈರಪ್ಪ, ಕಂಡದ್ದು ಕಂಡಂಗ ಮಾಡು. ನಿಂದೇನೂ ಕೂಡಸಬ್ಯಾಡ."

"ಕಾಣದ ದೇವರನ್ನ ಮಾಡೀನ್ರಿ" ಎಂದ ಈರಪ್ಪ. "ಇದು ಕಾಣತೈತಿ. ಇದೇನು ದೊಡ್ಡದ್ರಿ?"

ಹೈದರಾಬಾದ್ ಸರಕಾರದ ಇನ್ಸ್‌ಪೆಕ್ಟರ್ ಸಾಹೇಬರು ಸಾಲೆ ತಪಾಸಣೆಗೆ ಬಂದ ದಿನವೇ ನನ್ನ ಕ್ಲಾಸಿಗೆ ಈರಪ್ಪನ ತೋಳೂ ಬಂತು. ಹಗುರವಾದ ಕಟ್ಟಿಗೆ, ಬೆಳ್ಳಿಯಂಥ ಹೊಳಪು, ಬಿರುಕಿಗೊಂದು ಕೆಂಪು ಗೆರೆ. ನನ್ನ ಎಲುಬು ಇಷ್ಟು ಚೆಂದವೆಂದು ನನಗೇ ಗೊತ್ತಿರಲಿಲ್ಲ. ಅದರ ಮೇಲ್ತುದಿಗೆ ಅಂಟಿಕೊಂಡು ಬೆರಳುದ್ದದ ಇನ್ನೊಂದು ಎಲುಬು. ಎರಡೂ ಕಡೆ ಪುಟ್ಟ ಕುಣಿಕೆ ಬೇರೆ.

"ಯೇ ಕೌನ್ಸಿ ಹಡ್ಡಿ? ಇದು ಯಾವ ಎಲುಬು ಮಾಸ್ತರ?" ಎಂದರು ಸಾಹೇಬರು.

ನಾನು ಅಂಗಿಯ ತೋಳನ್ನು ಕೆಳಗೆಳೆದುಕೊಂಡೆ. ಅದು ಎಲುಬಲ್ಲ, ನಮ್ಮವ್ವ ಕಟ್ಟಿದ ತಾಮ್ರದ ತಾಯಿತ. ತಾಯಿತ ಕಟ್ಟಿದರೆ ಜ್ವರ ಬಿಡುತ್ತದೆಯೇ ಎಂದು ಇದೇ ಕ್ಲಾಸಿನಲ್ಲಿ ಹುಡುಗರನ್ನು ಗೇಲಿ ಮಾಡಿದವನು ನಾನು. ಎಕ್ಸ್‌ರೇಗೆ ಅಂಗಿಯ ತೋಳು ಅಡ್ಡಿಯಲ್ಲ ಎಂಬುದು ಸೈನ್ಸ್ ಮಾಸ್ತರನಿಗೆ ಹೊಳೆಯಬಾರದೇ?

ಹೆಡ್‌ಮಾಸ್ತರು ಈರಪ್ಪನ ಮೇಲೆ ಹರಿಹಾಯ್ದರು. "ಗೊಂಬಿಗೆ ಹಾಕಿದಂಗ ಇದಕ್ಕೂ ಒಡವಿ ಹಾಕೀ ಏನು? ನಿನಗ ಈ ಕೆಲಸ ಬ್ಯಾಡ. ತಗೊಂಡು ಹೋಗು."

ಈರಪ್ಪ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ. ಆಮೇಲೆ ನನ್ನ ಅಂಗಿಯ ತೋಳನ್ನು ನೋಡಿದ. ಜೀವಮಾನವಿಡೀ ದೇವರ ತೋಳಿಗೆ ತೋಳಬಂದಿ ಕೆತ್ತಿದವನು; ಅವನಿಗೆ ತಿಳಿದುಹೋಯಿತು.

"ನಂದ ತಪ್ಪು ಬಿಡ್ರಿ" ಎಂದ ಮೆಲ್ಲಗೆ. "ಕಣ್ಣು ಮಂಜಾಗ್ಯಾವ. ಕೆತ್ತಿ ತಗದುಬಿಡ್ತೀನಿ." ಚೀಲದಿಂದ ಉಳಿ ತೆಗೆದ.

ನಾನು ಸುಮ್ಮನಿದ್ದರೆ ಮುಗಿದಿತ್ತು. ನಿಜ ಹೇಳುತ್ತೇನೆ, ಉಳಿ ಕಟ್ಟಿಗೆಗೆ ತಾಗುವವರೆಗೂ ಸುಮ್ಮನೇ ಇದ್ದೆ. ಆಮೇಲೆ ಆಗಲಿಲ್ಲ. ನನ್ನ ಮಾನ ಉಳಿಸಲು ಆ ಮುದುಕ ತನ್ನ ಕಣ್ಣಿಗೇ ಕಳಂಕ ಹಚ್ಚಿಕೊಳ್ಳುತ್ತಿದ್ದ. ಭಾರಿ ನಾಚಿಕೆಯಾಯಿತು.

"ಬ್ಯಾಡ ಈರಪ್ಪ, ನೀ ಮಾಡಿದ್ದು ಬರೋಬರಿ ಐತಿ" ಎಂದು ಅಂಗಿಯ ತೋಳು ಮೇಲೇರಿಸಿದೆ.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಸಾಹೇಬರು ಮಾತ್ರ ನಗಲಿಲ್ಲ. ನನ್ನ ತಾಯಿತವನ್ನೂ ಈರಪ್ಪನ ತಾಯಿತವನ್ನೂ ಹತ್ತಿರ ಹಿಡಿದು ನೋಡಿ, "ಬಿಲ್ಕುಲ್ ಸಹಿ, ಪೂರ್ತಿ ಸರಿ ಐತಿ. ಪೂರಾ ಅಸ್ಥಿಪಂಜರ ಇವರ ಕಡೆಯಿಂದನ ಮಾಡಸ್ರಿ" ಎಂದು ಹುಕುಂ ಕೊಟ್ಟರು.

ಈರಪ್ಪ ಕೈಮುಗಿದ. "ಮಾಡ್ತೀನ್ರಿ. ಮುಂದ ಎದಿಗೂಡು. ಯಾರ ಫೋಟೋ ಕೊಡ್ತೀರಿ?"

ಹೆಡ್‌ಮಾಸ್ತರಿಗೆ ಆಗಲೇ ಗಂಟೆ ಹೊಡೆಸುವುದು ನೆನಪಾಯಿತು. ಸಾಹೇಬರು ಶೇರ್ವಾನಿಯ ಮೇಲಿನ ಗುಂಡಿ ಹಾಕಿಕೊಂಡರು.

ಕಟ್ಟಿಗೆ ಒಣಗಿ ಸಿದ್ಧವಾಗಿದೆ ಎಂದು ಈರಪ್ಪ ಮೂರು ಸಲ ಹೇಳಿಕಳಿಸಿದ್ದಾನೆ. ಓದುಗರೇ, ನಿಮ್ಮಲ್ಲಾದರೂ ಬಳ್ಳಾರಿಗೆ ಹೋಗಿ ಎದೆ ತೋರಿಸಿ ಬರುವವರು ಒಬ್ಬರಿದ್ದೀರಾ?